ಮಂಡಕ್ಕಿ ತೂಕದ ಕಾವಲು

ತಿಪ್ಪೇಶ, ನಿನ್ನ ಅಂಗಡೀಲಿ ಗಾಜಿನ ಕೆಳಗೆ
ಸಾಲಾಗಿ ಇಟ್ಟಿದ್ದೀಯಲ್ಲ ಡಬ್ಬಿ,
ಒಂದರ ಮೇಲೆ ಗುರಾಣಿ, ಒಂದರ ಮೇಲೆ ಬೀಗ,
ಒಂದರ ಮೇಲೆ ಹಲ್ಲು ಕಿರಿದ ಹುಲಿ.
ಹಗುರವಾದದ್ದು ಯಾವುದು ಅಂತ ಕೇಳಿದ್ದೆ ನಾನು.
ನೀನು ಹುಲಿ ಕೊಟ್ಟೆ.

ನಮ್ಮದು ಹಳೇ ಮಷೀನು, ಎರಡೇ ಜೀಬಿ ರ್‍ಯಾಮು,
ಮಂಡಿಪೇಟೆಯ ದಲ್ಲಾಲಿ ಅಂಗಡಿ ಮುಚ್ಚಿದಾಗ
ಬಾಕಿಗೆ ಬದಲು ಬಂದದ್ದು.
ಬದಿಯ ತಗಡು ಬಿಚ್ಚಿದರೆ
ಫ್ಯಾನಿನ ರೆಕ್ಕೆಗೆಲ್ಲ ಹೊಟ್ಟು.
ಭಟ್ಟಿ ಪಕ್ಕದ ಮನೆ, ಏನು ಮಾಡೋದು,
ಗಾಳಿಗೂ ಮಂಡಕ್ಕಿ ವಾಸನೆ ನಮ್ಮ ಓಣೀಲಿ.

ಬೆಳಿಗ್ಗೆ ಗುಂಡಿ ಒತ್ತಿ, ಒಲೆ ಹಚ್ಚಿ,
ಚಹಾ ಕುದಿಸಿ, ಸೋಸಿ, ಅತ್ತೆಗೆ ಕೊಟ್ಟು,
ಲೋಟ ತೊಳೆದು ಬಂದರೂ
ಪರದೆ ಮೇಲೆ ಆ ಚಕ್ರ ತಿರುಗುತ್ತಲೇ ಇತ್ತು.
ಕಾವಲಿಗೆ ಬಂದವನು
ಇದ್ದೊಂದು ಕೋಣೆಯಲ್ಲಿ ಕಾಲು ಚಾಚಿ ಮಲಗಿ
ಮನೆಯವರನ್ನೇ ಅಂಗಳಕ್ಕೆ ಕಳಿಸಿದ ಹಾಗೆ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ.

ನಮ್ಮ ತೌಸೀಫ್ ಡಿಪ್ಲೊಮಾ ಓದುವಾಗ
ಬರೆದುಕೊಟ್ಟ ಪುಟ್ಟ ಲೆಕ್ಕದ ಪ್ರೋಗ್ರಾಮು ಇತ್ತು.
ಯಾರಿಗೆ ಎಷ್ಟು ಚೀಲ, ಯಾರ ಮುಂಗಡ ಎಷ್ಟು,
ಮಲೇಬೆನ್ನೂರಿನ ಭತ್ತದ ಬಾಕಿ,
ಹಸೀನಾಬಿಯ ಮಗಳ ಮದುವೆಗೆ ಕೊಟ್ಟ ಎರಡು ಸಾವಿರ,
ಎಲ್ಲ ಅದರೊಳಗೆ, ಹನ್ನೊಂದು ವರ್ಷ.
ಹುಲಿ ಅದನ್ನು ಮೂಸಿ ನೋಡಿ
ಗುರುತಿಲ್ಲದವನು ಅಂತ
ಎಳಕೊಂಡು ಹೋಗಿ ಕೂಡಿಹಾಕಿತು.
ಬಿಡಿಸಿ ತರೋಕೆ ಮೂರು ದಿನ.
ಅದೇ ವಾರ, ಅದರ ಕಣ್ಣೆದುರೇ,
ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವು
ಫೋಟೋ ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿ
ಒಂದೊಂದಕ್ಕೂ ಬಾಣದ ಗುರುತು ಅಂಟಿಸಿತು.
ಒತ್ತಿದರೆ ಒಳಗೆ ಯಾರೂ ಇಲ್ಲ.

ನಗಬೇಡ. ಭಟ್ಟಿಗೆ ಬಾ ಒಂದು ದಿನ.
ಕಾದ ಮರಳಿಗೆ ಅಕ್ಕಿ ಬಿದ್ದು, ಚಟಪಟ ಅರಳಿ,
ಎರಡೂ ಒಟ್ಟಿಗೆ ಜರಡಿಗೆ ಬೀಳುತ್ತವೆ.
ಮರಳು ಇಳಿಯಬೇಕು, ಮಂಡಕ್ಕಿ ಉಳಿಯಬೇಕು,
ಅದೂ ಮುಂದಿನ ಬಾಣಲೆ ಸೀಯುವ ಮೊದಲು.
ನಮ್ಮತ್ತೆ ಜರಡಿ ಕೊಳ್ಳುವಾಗ
ಹೊಳಪು ನೋಡುತ್ತಿರಲಿಲ್ಲ.
ಎತ್ತಿ ಹಿಡಿದು ತೂತುಗಳಲ್ಲಿ ಬಿಸಿಲು ನೋಡಿ
ಆಮೇಲೆ ತೋಳು ಚಾಚಿ ನೂರು ಎಣಿಸುವರು.
ಭುಜ ನೊಂದರೆ ವಾಪಸ್.
"ಸಂಜೆತನಕ ಆಡಿಸೋಳು ನಾನಪ್ಪ, ನೀನಲ್ಲ."

ನಾನೂ ಹಾಗೇ ಮಾಡಿದೆ.
ಪುಕ್ಕಟೆ ಸಿಗುವುದನ್ನೆಲ್ಲ ವಾರಕ್ಕೊಂದು ಹಾಕಿ, ತೆಗೆದು,
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿ ಬರೆದುಕೊಂಡೆ.
ಹಸಿರಿಂದು: ಏಳೋಕೆ ನಾಲ್ಕು ನಿಮಿಷ,
ದಿನಕ್ಕೆ ಆರು ಸಲ ದುಡ್ಡು ಕೇಳುತ್ತೆ.
ನೀಲಿಯದು: ಬೇಗ ಏಳುತ್ತೆ,
ಆದರೆ ಕೇಳದೆಯೇ ಇನ್ನೊಂದು ಬ್ರೌಸರ್ ಕರಕೊಂಡು ಬಂದಿದೆ,
ನೆಂಟನ ಹಿಂದೆ ನೆಂಟ.
ಮೂರನೆಯದು ಏನೂ ಹೇಳಲಿಲ್ಲ.
ಇದೆಯೋ ಇಲ್ಲವೋ ಅಂತ ಎರಡು ದಿನ ಅನುಮಾನ.
ಬೇಕೆಂದೇ ಅದೇ ಪೆನ್‌ಡ್ರೈವು ಚುಚ್ಚಿದೆ.
ಮೂಲೆಯಲ್ಲಿ ಒಂದು ಸಾಲು: ತಡೆದಿದ್ದೇನೆ.
ಗಂಟೆ ಇಲ್ಲ, ಕೆಂಪು ಇಲ್ಲ.
ತೌಸೀಫನ ಪ್ರೋಗ್ರಾಮು ಎದುರಾದಾಗ ಮಾತ್ರ
ಇದು ನಿಮ್ಮದಾ ಅಂತ ಕೇಳಿತು.
ಹೌದು ಅಂದೆ.
ಮತ್ತೆ ಕೇಳಲಿಲ್ಲ.

ನಾಳೆ ಹೊಸ ರೋಗ ಬಂದರೆ
ಇದಕ್ಕೂ ತಿಳಿಯದೆ ಹೋಗಬಹುದು, ಗೊತ್ತು.
ಎಷ್ಟು ಜರಡಿ ಹಿಡಿದರೂ
ಒಂದೊಂದು ದಿನ ಹಲ್ಲಿಗೆ ಮರಳು ಸಿಗುತ್ತೆ.
ಅದಕ್ಕೇ ಶುಕ್ರವಾರಕ್ಕೊಮ್ಮೆ
ಲೆಕ್ಕವನ್ನೆಲ್ಲ ಪುಸ್ತಕಕ್ಕೂ ಇಳಿಸುತ್ತೇನೆ,
ಜೆರಾಕ್ಸಿಗೆ ಬೇರೆಯೇ ಪೆನ್‌ಡ್ರೈವು, ಕೆಂಪು ದಾರ ಕಟ್ಟಿದ್ದು.

ಹುಲಿ ಡಬ್ಬಿ ತಗೋ. ದುಡ್ಡು ವಾಪಸ್ ಬೇಡ,
ಫ್ಯಾನು ಗುಡಿಸೋಕೆ ಒಂದು ಬ್ರಷ್ ಕೊಡು ಸಾಕು.
ಬಾಗಿಲ ಹತ್ತಿರ ಚೀಲ ಇಟ್ಟಿದ್ದೀನಿ, ನಿಮ್ಮ ಮನೆಗೆ.
ಹೆದರಬೇಡ, ನನ್ನಷ್ಟೇ ಎತ್ತರ ಕಾಣುತ್ತೆ,
ಒಂದು ಕೈಯಲ್ಲಿ ಎತ್ತಬಹುದು.